ಕ್ಯಾಲ್ಸಿಯಂ ಗೆರೆಯಲ್ಲಿ ಕೆಂಪು ದೈತ್ಯಗಳ ಗಾಳಿ ಹುಡುಕಿದ್ದು

ಕೆಂಪು ದೈತ್ಯ ನಕ್ಷತ್ರಗಳು ಊದಿಕೊಂಡಾಗ ಮೇಲ್ಮೈಯ ಹಿಡಿತ ಸಡಿಲವಾಗುತ್ತದೆ, ಅನಿಲ ಹೊರಗೆ ಹೋಗುತ್ತಲೇ ಇರುತ್ತದೆ. ಇದನ್ನೇ ನಕ್ಷತ್ರದ ಗಾಳಿ ಅನ್ನುತ್ತೇವೆ. ಅದು ನಿಜವಾಗಿ ಹೋಗುತ್ತಿದೆಯಾ, ಎಷ್ಟು ವೇಗದಲ್ಲಿ ಅಂತ ನೋಡುವುದು ನನ್ನ ಕೆಲಸ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಸಿಗುವ ಪಟ್ಟಿಯೇ ರೋಹಿತ. ಅದರಲ್ಲಿ ಒಂದೊಂದು ಧಾತು ತನ್ನದೇ ಜಾಗದಲ್ಲಿ ಗೆರೆ ಮೂಡಿಸುತ್ತದೆ, ನಾನು ನೋಡುವುದು ಆ ಗೆರೆಗಳನ್ನು.

ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ. ನಾನು ಕೂರುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ. ಉಪಗ್ರಹದ ಮೂಲಕ ಇಲ್ಲಿಂದಲೇ ಅದನ್ನು ನಡೆಸುತ್ತೇವೆ. ಹಾನ್ಲೆಯ ಗಾಳಿ ಒಣಗಿರುವುದು ದೊಡ್ಡ ಅನುಕೂಲ. ನೀರಾವಿಯ ಗೆರೆಗಳು ಹೈಡ್ರೋಜನ್ ಆಲ್ಫಾ ಗೆರೆಯ ಅಕ್ಕಪಕ್ಕ ಕಡಿಮೆ ಕಾಟ ಕೊಡುತ್ತವೆ.

ನನಗೆ ಜಾಸ್ತಿ ಬೇಕಾದದ್ದು 393.4 ನ್ಯಾನೋಮೀಟರ್‌ನ ಕ್ಯಾಲ್ಸಿಯಂ ಕೆ ಗೆರೆ. ತಾಪತ್ರಯ ಏನಂದರೆ, ಸ್ವಾತಿ, ರೋಹಿಣಿಯಂಥ ನಕ್ಷತ್ರಗಳಲ್ಲಿ ನೀಲಿ ಬೆಳಕೇ ಕಮ್ಮಿ. ಅದರಲ್ಲೂ ಈ ಗೆರೆಯ ನಡುಭಾಗ ಕಪ್ಪು. ಅಲ್ಲಿ ಬೆಳಕು ಸಾಲುವಷ್ಟು ಹೊತ್ತು ಬಿಟ್ಟರೆ ರೋಹಿತದ ಕೆಂಪು ತುದಿ ಬೆಳಕು ಹೆಚ್ಚಾಗಿ ಉಕ್ಕಿ ಹಾಳಾಗುತ್ತದೆ. ಅದಕ್ಕೇ ಚಿಕ್ಕ ಚಿಕ್ಕ ಎಕ್ಸ್‌ಪೋಷರ್ ತೆಗೆದು ಆಮೇಲೆ ಕೂಡಿಸುತ್ತೇನೆ. ಮಧ್ಯೆ ಮಧ್ಯೆ ಥೋರಿಯಂ-ಆರ್ಗಾನ್ ದೀಪದ ರೋಹಿತ, ಅದರ ಗೆರೆಗಳ ತರಂಗಾಂತರ ಮೊದಲೇ ಗೊತ್ತಿರುತ್ತದೆ. ಅದಿಲ್ಲದೆ ತರಂಗಾಂತರದ ಅಳತೆಯನ್ನು ನಂಬುವಂತಿಲ್ಲ.

ಗೆರೆಯ ತಳ ಹಿಗ್ಗಿಸಿ ನೋಡಿದರೆ ಎರಡು ಪುಟ್ಟ ಏರು, ನಡುವೆ ಒಂದು ತಗ್ಗು. ಏರುಗಳು ನಕ್ಷತ್ರದ ಬಿಸಿಯಾದ ವರ್ಣಗೋಳದಿಂದ, ಅಂದರೆ ಮೇಲ್ಮೈಗಿಂತ ಮೇಲಿನ ಪದರದಿಂದ ಬಂದವು. ತಗ್ಗು ಅದರ ಮೇಲಿನ ಅನಿಲದ್ದು. ಅನಿಲ ನಮ್ಮ ಕಡೆ ಬರುತ್ತಿದ್ದರೆ ತಗ್ಗು ನೀಲಿಯ ಕಡೆ ಸರಿದು ಆ ಬದಿಯ ಏರನ್ನು ತಿನ್ನುತ್ತದೆ, ಕೆಂಪು ಬದಿ ಎತ್ತರವಾಗಿ ಉಳಿಯುತ್ತದೆ. ಇಷ್ಟಕ್ಕೇ ಖುಷಿಪಡಬಾರದು. ಮೊದಲು ಸಣ್ಣ ಕಬ್ಬಿಣದ ಗೆರೆಗಳಿಂದ ನಕ್ಷತ್ರದ ಸ್ವಂತ ವೇಗ ತೆಗೆಯಬೇಕು. ರೋಹಿಣಿ ಸೆಕೆಂಡಿಗೆ ಸುಮಾರು 54 ಕಿಲೋಮೀಟರ್ ವೇಗದಲ್ಲಿ ನಮ್ಮಿಂದ ದೂರ ಹೋಗುತ್ತಿದೆ. ಸ್ವಾತಿ 5ರಲ್ಲಿ ಹತ್ತಿರ ಬರುತ್ತಿದೆ. ಇದನ್ನು ಕಳೆಯದೆ ತಗ್ಗು ಸರಿದದ್ದನ್ನು ಗಾಳಿ ಅನ್ನುವಂತಿಲ್ಲ, ಅಲ್ವಾ?

ವೇಗದ ಬಗ್ಗೆ ನನಗೆ ಧೈರ್ಯ ಇದೆ, ದ್ರವ್ಯನಷ್ಟದ ಲೆಕ್ಕದ ಬಗ್ಗೆ ಅಷ್ಟಿಲ್ಲ. ಸೂರ್ಯ ಗಾಳಿಯ ಮೂಲಕ ವರ್ಷಕ್ಕೆ ತನ್ನ ದ್ರವ್ಯದಲ್ಲಿ ಸುಮಾರು 50 ಲಕ್ಷ ಕೋಟಿಯ ಒಂದು ಭಾಗ ಕಳೆದುಕೊಳ್ಳುತ್ತಾನೆ. ಸ್ವಾತಿಯಂಥ ದೈತ್ಯಗಳಿಗೆ ಅದು ಸೂರ್ಯನ ದ್ರವ್ಯದ 1000 ಕೋಟಿಯ ಒಂದು ಭಾಗದ ಆಸುಪಾಸು. ಆದರೆ ಗೆರೆಯಿಂದ ಈ ಅಂಕಿಗೆ ಹೋಗಲು ಅನಿಲದ ಉಷ್ಣತೆ, ಸಾಂದ್ರತೆ ಎಲ್ಲ ಊಹಿಸಬೇಕು. 1975ರ ರೈಮರ್ಸ್ ಸೂತ್ರ ಸುಲಭ: ಪ್ರಕಾಶವನ್ನು ತ್ರಿಜ್ಯದಿಂದ ಗುಣಿಸಿ ದ್ರವ್ಯರಾಶಿಯಿಂದ ಭಾಗಿಸಿ ಒಂದು ಗುಣಾಂಕದಿಂದ ಗುಣಿಸಿದರೆ ಆಯಿತು. ಆ ಗುಣಾಂಕದಲ್ಲೇ ಎಲ್ಲ ಗುಟ್ಟು. ನಾನಂತೂ ಒಂದೇ ಸಂಖ್ಯೆ ಬರೆಯದೆ ವ್ಯಾಪ್ತಿ ಬರೆಯುತ್ತೇನೆ.

ನನಗೆ ಇಷ್ಟವಾದ ಸಾಕ್ಷಿ 1956ರದ್ದು. ಆಲ್ಫಾ ಹರ್ಕ್ಯುಲಿಸ್‌ನ ದೈತ್ಯದ ಅನಿಲದ ಗೆರೆಗಳು ಪಕ್ಕದ ಜೊತೆ ನಕ್ಷತ್ರದ ರೋಹಿತದಲ್ಲೂ ಇರುವುದನ್ನು ಖಗೋಳವಿಜ್ಞಾನಿ ಡಾಯ್ಚ್ ತೋರಿಸಿದರು. ಅನಿಲ ಅಲ್ಲಿಯವರೆಗೂ ಹೋಗಿದೆ ಅಂದಮೇಲೆ ಊಹೆಗೆ ಜಾಗವೇ ಕಡಿಮೆ.

ಈಗ ಇದೇ ನಕ್ಷತ್ರಗಳ 1083 ನ್ಯಾನೋಮೀಟರ್‌ನ ಹೀಲಿಯಂ ಗೆರೆ ನೋಡುವ ಆಸೆ. ನಮ್ಮ ರೋಹಿತಮಾಪಕ ಅಷ್ಟು ದೂರ ಕಾಣುವುದಿಲ್ಲ. ಬೇರೆ ದೂರದರ್ಶಕಕ್ಕೆ ಅರ್ಜಿ ಬರೆಯುತ್ತಿದ್ದೇನೆ.