ಮೊದಲು ಮಂಡಿ, ಆಮೇಲೆ ಮೊಬೈಲ್

ಮಾಧ್ಯಮ ಸಾಕ್ಷರತೆ, ಅಂದರೆ ಬಂದ ಸುದ್ದಿಯನ್ನು ಪರೀಕ್ಷಿಸಿ ನೋಡುವುದನ್ನು ಕಲಿಸುವ ಶಿಕ್ಷಕರ ರಾಷ್ಟ್ರಮಟ್ಟದ ಸಮ್ಮೇಳನಕ್ಕೆ ಹೈದರಾಬಾದಿಗೆ ಹೊರಟಾಗ ನನ್ನ ಕೈಯಲ್ಲಿದ್ದದ್ದು ಒಂದು ಖಾಲಿ ಟೊಮೆಟೊ ಕ್ರೇಟು. ಅದರೊಳಗೆ ಮಕ್ಕಳು ಬರೆದ ಚೀಟಿಗಳ ಕಟ್ಟು. "ನಾಲ್ಕು ಸ್ಲೈಡ್ ಮಾಡ್ಕೊಂಡು ಹೋಗಿ ಮೇಡಂ, ಅಲ್ಲಿ ಎಲ್ಲಾ ದೊಡ್ಡ ದೊಡ್ಡವರು ಬರ್ತಾರೆ" ಅಂತ ಸ್ಟಾಫ್ ರೂಮಿನಲ್ಲಿ ಹೇಳಿದರು. ನಾನು ಕೇಳಲಿಲ್ಲ. ಮೂರು ವರ್ಷ ಪಟ್ಟ ಪಾಡೆಲ್ಲ ಆ ಕ್ರೇಟಿನಲ್ಲೇ ಇತ್ತು.

ಕೋಲಾರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಸುದ್ದಿ ಪರೀಕ್ಷಿಸುವುದನ್ನು ಕಲಿಸೋಕೆ ಕೈ ಹಾಕಿದ್ದಕ್ಕೆ ಒಂದು ಕಾರಣ ಇದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ವಿಡಿಯೊ ಹರಿದಾಡಿತ್ತಲ್ಲ, ಆಗ ನಮ್ಮೂರಿಗೆ ಬಟ್ಟೆ ಮಾರೋಕೆ ಬಂದವನೊಬ್ಬನನ್ನು ಹಿಡಿದು ಅರಳಿಕಟ್ಟೆ ಮೇಲೆ ಕೂರಿಸಿಬಿಟ್ಟಿದ್ದರು. ಅವನ ಗಂಟು ಬಿಚ್ಚಿ ಚೆಲ್ಲಿದ್ದರು. ಅವನ ಅದೃಷ್ಟ, ಏಟು ಬೀಳುವ ಮೊದಲೇ ಪೊಲೀಸರು ಬಂದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದ್ದೇ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಪ್ರಾಣವನ್ನೇ ಕಳೆದುಕೊಂಡ. ನಮ್ಮೂರಿನ ಆ ಕಟ್ಟೆ ಸುತ್ತ ನಿಂತಿದ್ದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ಅದನ್ನು ಮರೆಯೋಕೆ ಆಗಿಲ್ಲ.

ಮೊದಲ ವರ್ಷ ಪೂರ್ತಿ ಹಾಳಾಯಿತು. ಸುದ್ದಿ ಪರೀಕ್ಷಿಸೋಕೆ ಅಮೆರಿಕದ ಮೈಕ್ ಕಾಲ್‌ಫೀಲ್ಡ್ ಅನ್ನುವವರು ನಾಲ್ಕು ಹೆಜ್ಜೆ ಹೇಳುತ್ತಾರೆ: ಮೊದಲು ನಿಲ್ಲು, ಹೇಳಿದವರು ಯಾರು ನೋಡು, ಬೇರೆಯವರು ಏನು ಬರೆದಿದ್ದಾರೆ ಹುಡುಕು, ಮೂಲ ಎಲ್ಲಿದೆಯೋ ಅಲ್ಲಿಗೆ ಹೋಗು. ಅವನ್ನು ಕನ್ನಡ ಮಾಡಿ ಬೋರ್ಡ್ ಮೇಲೆ ಬರೆದೆ. ಮಕ್ಕಳು ನಾಲ್ಕು ಅಂಕದ ಪ್ರಶ್ನೆ ಥರ ಬಾಯಿಪಾಠ ಮಾಡಿದರು. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದರು. ಮನೆಗೆ ಹೋಗಿ ಬಂದಿದ್ದನ್ನೆಲ್ಲ ಫಾರ್ವರ್ಡ್ ಮಾಡಿದರು.

ಆಮೇಲೆ ಸುಳ್ಳು ಸುದ್ದಿಗಳನ್ನೇ ಪ್ರಿಂಟ್ ತೆಗೆಸಿ ಹಂಚಿದೆ. ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ, ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೊ ಪ್ರಶಸ್ತಿ ಕೊಟ್ಟಿದೆ, ಇಂಥವು. ಬಣ್ಣದ ಪ್ರಿಂಟಿಗೇ ಸಾವಿರದ ಮೇಲೆ ಹೋಯಿತು, ನನ್ನ ಜೇಬಿನಿಂದ. ಒಂದು ತಿಂಗಳಾದ ಮೇಲೆ ನೋಡಿದರೆ ಮಕ್ಕಳು ಎಲ್ಲದಕ್ಕೂ "ಸುಳ್ಳು ಮಿಸ್" ಅನ್ನೋಕೆ ಶುರು ಮಾಡಿದ್ದರು. ಲಸಿಕೆ ಹಾಕಿಸಿಕೊಳ್ಳಿ ಅನ್ನುವ ಪೋಸ್ಟರೂ ಸುಳ್ಳಂತೆ. ಎಲ್ಲಾ ನಂಬುವ ಮಗುವಿಗಿಂತ ಏನನ್ನೂ ನಂಬದ ಮಗುವನ್ನು ಕಂಡರೆ ನನಗೆ ಜಾಸ್ತಿ ಭಯ.

ಮೂರನೆಯದು ದೊಡ್ಡ ಎಡವಟ್ಟು. "ಮಳೆಯ ಕಾರಣ ಶನಿವಾರ ರಜೆ" ಅಂತ ಒಂದು ಚೀಟಿ ಬರೆದು ತರಗತಿಯಲ್ಲಿ ಬಿಟ್ಟೆ, ಯಾರು ಪ್ರಶ್ನೆ ಮಾಡ್ತಾರೆ ನೋಡೋಣ ಅಂತ. ಯಾರೋ ಅದರ ಫೋಟೊ ತೆಗೆದು ಪೋಷಕರ ಗ್ರೂಪಿಗೆ ಹಾಕಿಬಿಟ್ಟರು. ಶನಿವಾರ ಹೆಚ್ಚೂಕಮ್ಮಿ ಅರ್ಧ ಶಾಲೆ ಖಾಲಿ. ಹೆಡ್‌ಮಾಸ್ಟರ್ ಲಿಖಿತ ಸಮಜಾಯಿಷಿ ಕೇಳಿದರು, ಕೊಟ್ಟೆ. ಅವತ್ತಿನಿಂದ ನನ್ನ ತರಗತಿಯ ಸುಳ್ಳು ಚೀಟಿಗಳಿಗೆ ನಂಬರ್ ಇರುತ್ತದೆ. ಬೆಲ್ ಹೊಡೆಯುವ ಮೊದಲು ಎಣಿಸಿ ವಾಪಸ್ ಇಸ್ಕೊಳ್ಳುತ್ತೇನೆ. ನೀವು ಮಾಡುವುದಾದರೆ ಇದೊಂದನ್ನು ಮಾತ್ರ ಮರೀಬೇಡಿ.

ದಾರಿ ಸಿಕ್ಕಿದ್ದು 2023ರ ಜುಲೈನಲ್ಲಿ, ಟೊಮೆಟೊ ರೇಟು ಆಕಾಶಕ್ಕೆ ಏರಿದಾಗ. ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ಅಂತ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂದಿತ್ತು. ಒಂಬತ್ತನೇ ತರಗತಿಯ ಒಬ್ಬಳು ಎದ್ದು ನಿಂತಳು. "ಸುಳ್ಳು ಮಿಸ್. ನಿನ್ನೆ ನಮ್ಮಪ್ಪನಿಗೆ ಸಾವಿರದ ನೂರೈವತ್ತೇ ಕೊಟ್ಟಿದ್ದು." ಅವಳ ಕಣ್ಣಲ್ಲಿ ನೀರಿತ್ತು. ಬೀದಿಯವರೆಲ್ಲ ಅವರಪ್ಪನನ್ನು ಸಾಲ ಕೇಳೋಕೆ ಬಂದಿದ್ದರಂತೆ.

ಸುಳ್ಳಾ ನಿಜಾನಾ ಅಂತ ನಾನು ಹೇಳಲಿಲ್ಲ. ಎಂಟು ಮಕ್ಕಳನ್ನು ಕರೆದುಕೊಂಡು ಬೆಳಿಗ್ಗೆ ಎಪಿಎಂಸಿ ಮಂಡಿಗೆ ಹೋದೆ. ಟೆಂಪೊಗೆ ಆರುನೂರೋ ಏಳುನೂರೋ ಆಯಿತು, ತಿಂಡಿ ಬೇರೆ. ಹರಾಜು ಮುಗಿಸಿ ಬಂದ ರೈತರನ್ನು ನಿಲ್ಲಿಸಿ ಮಕ್ಕಳು ಕೇಳಿ ಚೀಟಿಯಲ್ಲಿ ಬರೆದುಕೊಂಡರು: ಎಷ್ಟು ಬಾಕ್ಸ್, ಯಾವ ನಂಬರ್ (ದರ್ಜೆ) ಮಾಲು, ಬಾಕ್ಸ್‌ಗೆ ಕೈಗೆ ಬಂದದ್ದು ಎಷ್ಟು. ಹನ್ನೆರಡು ಜನರಲ್ಲಿ ಒಬ್ಬರಿಗೆ ನಿಜವಾಗಿಯೂ 2,000 ಸಿಕ್ಕಿತ್ತು. ಹೆಚ್ಚಿನವರಿಗೆ 1,200ರಿಂದ 1,500. ಮಾಲಿನಲ್ಲಿ ಕೊಳೆತ ಹಣ್ಣು ಜಾಸ್ತಿ ಇದ್ದ ಒಬ್ಬರಿಗೆ 700.

ವಾಪಸ್ ಬಂದು ಮಂಡಿಗಳ ದರ ಹಾಕುವ ಸರ್ಕಾರಿ ವೆಬ್‌ಸೈಟ್ ಕೃಷಿ ಮಾರಾಟ ವಾಹಿನಿ ತೆಗೆದೆವು. ಅದರಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ದರ) ಅಂತ ಮೂರು ದರ ಇರುತ್ತವೆ, ಅದೂ ಕ್ವಿಂಟಾಲ್ ಲೆಕ್ಕದಲ್ಲಿ. ಕ್ವಿಂಟಾಲ್‌ಗೆ 10,000 ಅಂದರೆ ಬಾಕ್ಸ್‌ಗೆ 1,500 ಅಂತ ಮಕ್ಕಳೇ ಲೆಕ್ಕ ಹಾಕಿದರು. ಪತ್ರಿಕೆ ಹಿಡಿದದ್ದು ಗರಿಷ್ಠವನ್ನು ಮಾತ್ರ. ಆ ಹುಡುಗಿ ತುಂಬಾ ಹೊತ್ತು ಸುಮ್ಮನಿದ್ದು ಹೇಳಿದಳು: "ಪೇಪರ್‌ನವರು ಸುಳ್ಳು ಹೇಳಿಲ್ಲ ಮಿಸ್. ಪೂರ್ತಿ ಹೇಳಿಲ್ಲ." ಒಂದು ವರ್ಷ ನಾನು ಬೋರ್ಡ್ ಮೇಲೆ ಬರೆದು ಒರೆಸಿದ್ದು ಅವಳ ಬಾಯಲ್ಲಿ ಬಂತು.

ಅಲ್ಲಿಂದ ಕ್ರಮ ತಿರುಗಿಸಿದೆ. ಮಕ್ಕಳು ಕಾಲ್ನಡಿಗೆಯಲ್ಲಿ ಹೋಗಿ ಕೇಳಿ ಬರಬಹುದಾದ ಸುದ್ದಿ ಮೊದಲು. ಡೇರಿ, ಮಂಡಿ, ಪಂಚಾಯ್ತಿ. ಮೊಬೈಲಿನ ಸುದ್ದಿ ಎರಡು ತಿಂಗಳಾದ ಮೇಲೆ. "ಪೋರ್ಷನ್ ಯಾರು ಮುಗಿಸ್ತಾರೆ" ಅಂತ ಕೇಳಿದವರು ಇದ್ದರು. ವಾರಕ್ಕೆ ಒಂದೇ ಪಿರಿಯಡ್ ತಗೊಂಡೆ, ಪೋರ್ಷನ್ನೂ ಮುಗಿಯಿತು.

ನಮ್ಮ ಕಡೆ ಮಕ್ಕಳಿಗೆ ಇನ್ನೊಂದು ಬಲ ಇದೆ, ಮನೆಯಲ್ಲಿ ತೆಲುಗು. ರಸ್ತೆಗೆ ಟೊಮೆಟೊ ಸುರಿದ ಫೋಟೊ ಒಂದು ಬಂತು. ಕನ್ನಡದಲ್ಲಿ ಕೋಲಾರ ಅಂತ ಇತ್ತು. ಒಬ್ಬ ಹುಡುಗ ಅವರ ಮಾವನ ಫೋನಿನಲ್ಲಿ ಅದೇ ಫೋಟೊ ತೋರಿಸಿದ, ತೆಲುಗಿನಲ್ಲಿ ಆಂಧ್ರದ ಮದನಪಲ್ಲಿ ಅಂತ ಇತ್ತು! ಈಗ ಯಾವ ಫೋಟೊ ಬಂದರೂ "ತೆಲುಗಿನಲ್ಲಿ ಏನಂತಾರೆ" ಅನ್ನುವುದೇ ಅವರ ಮೊದಲ ಪ್ರಶ್ನೆ. ಅಂತರಗಂಗೆ ಬೆಟ್ಟದಲ್ಲಿ ಚಿರತೆ ಅಂತ ಇನ್ನೊಂದು ಬಂದಿತ್ತು. ಫೋಟೊ ಮೊದಲು ಎಲ್ಲಿ ಬಂದಿತ್ತು ಅಂತ ಹುಡುಕೋಕೆ ಗೂಗಲ್ ಲೆನ್ಸ್ ತೆಗೆಯುವ ಮೊದಲೇ ಹಿಂದಿನ ಬೆಂಚಿನವನು, "ಇದರಲ್ಲಿ ನಮ್ಮ ಬೆಟ್ಟದ ಬಂಡೆನೇ ಕಾಣ್ತಿಲ್ಲ, ಅಲ್ಲಿ ಇಷ್ಟು ಹಸಿರು ಎಲ್ಲಿದೆ ಮಿಸ್?" ಅಂದ. ಲೆನ್ಸ್‌ನಲ್ಲಿ ನೋಡಿದರೆ ಅದು ತುಂಬಾ ಹಳೆಯ ಫೋಟೊ.

ರೇಡಿಯೊ ವಾರ್ತೆ ಕೇಳಿಸಿ ಪತ್ರಿಕೆಗೆ ಹೋಲಿಸುವ ಪ್ರಯೋಗವನ್ನೂ ಮಾಡಿದೆ. ಅದು ಅಷ್ಟು ಹಿಡಿಯಲಿಲ್ಲ, ಬಿಟ್ಟೆ. ಚೀಟಿ ಕೆಲಸದ ಕೊನೆಯ ಹತ್ತು ನಿಮಿಷದಲ್ಲಿ ಇನ್ನೊಂದು ಆಟ ಮಾಡಿಸುತ್ತೇನೆ, ನಿಜವಾಗಿ ಕಲಿಸುವುದು ಅದೇ. ಇಲ್ಲಿ ಬರೆಯುವುದಿಲ್ಲ, ಮಕ್ಕಳು ಓದಿಬಿಟ್ಟರೆ ಆಟ ಕೆಡುತ್ತದೆ. ಎದುರಿಗೆ ಸಿಕ್ಕರೆ ಖಂಡಿತ ಹೇಳುತ್ತೇನೆ.

ಹೈದರಾಬಾದಿಗೆ ಹೋಗಿ ಬರೋಕೆ ರೈಲು, ನೋಂದಣಿ, ಊಟ ಸೇರಿ ಮೂರು ಸಾವಿರ ದಾಟಿತು. ಇಲಾಖೆಯಿಂದ ಸಿಕ್ಕಿದ್ದು ಓಓಡಿ ಮಾತ್ರ, ಅಂದರೆ ಆ ದಿನಗಳನ್ನು ರಜೆ ಅನ್ನದೆ ಕೆಲಸ ಅಂತ ಲೆಕ್ಕ ಹಾಕುವುದು. ನನಗೆ ಕೊಟ್ಟಿದ್ದ 40 ನಿಮಿಷ ಹಿಂದಿನವರ ಭಾಷಣ ಬೆಳೆದು 20 ಆಯಿತು. ಕ್ರೇಟನ್ನು ಮೇಜಿನ ಮೇಲಿಟ್ಟು ಆ ತಲೆಬರಹ ಓದಿ, "ರೈತನಿಗೆ ಎಷ್ಟು ಸಿಕ್ಕಿತು?" ಅಂತ ಕೇಳಿದೆ. ಇಡೀ ಸಭೆ ಎರಡು ಸಾವಿರ ಅಂತು. ಆಮೇಲೆ ಹನ್ನೆರಡು ಚೀಟಿಗಳನ್ನು ಹನ್ನೆರಡು ಜನರ ಕೈಗೆ ಕೊಟ್ಟು ಒಂದೊಂದಾಗಿ ಓದಿಸಿದೆ. 700 ಓದಿದ ಮೇಡಂ ಚೀಟಿಯನ್ನು ಎರಡು ಸಲ ನೋಡಿದರು. ಊಟದ ಹೊತ್ತಿಗೆ ನನ್ನ ಸುತ್ತ ಇಪ್ಪತ್ತು ಜನ ಇದ್ದರು. ನಾಸಿಕ್ ಕಡೆಯ ಒಬ್ಬ ಮೇಷ್ಟ್ರು, ಲಾಸಲ್‌ಗಾಂವ್ ಈರುಳ್ಳಿ ಮಾರ್ಕೆಟ್‌ನಲ್ಲಿ ಇದನ್ನೇ ಮಾಡಿಸುತ್ತೇನೆ ಅಂತ ಕ್ರೇಟಿನ ಫೋಟೊ ತೆಗೆದುಕೊಂಡರು.

ಶಾಲೆ ತೆರೆದ ಕೂಡಲೇ ನಾವು ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗುತ್ತೇವೆ. ಅಲ್ಲಿ ಲೆಕ್ಕ ಟನ್ನಿನಲ್ಲಿ. ಟೆಂಪೊದವನ ಹತ್ತಿರ ಮಾತಾಡಿದ್ದೇನೆ, ಸಾವಿರದ ಇನ್ನೂರು ಕೇಳುತ್ತಿದ್ದಾನೆ. ಈ ಸಲ ಅರ್ಧ ದುಡ್ಡು ಸ್ಟಾಫ್ ರೂಮಿನವರೇ ಹಾಕುತ್ತೇವೆ ಅಂದಿದ್ದಾರೆ.