ಹೆಣ್ಣುಮಗುವಿಗೆ ಹೆಸರು: ತೊಟ್ಟಿಲಿಗೆ ಹಾಕುವ ಮುಂಚೆ

ನಕ್ಷತ್ರದ ಅಕ್ಷರದಿಂದಲೇ ಹೆಸರು ಬೇಕೆಂದರೆ, ಹುಟ್ಟಿದ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಒಂದು ನಕ್ಷತ್ರಕ್ಕೆ ನಾಲ್ಕು ಪಾದ (ಕಾಲುಭಾಗ), ಪಾದಕ್ಕೊಂದು ಅಕ್ಷರ; ಹೀಗೆ 27 ನಕ್ಷತ್ರಕ್ಕೆ 108 ಪಾದ. ಒಂದು ಪಾದ ಸುಮಾರು ಆರು ಗಂಟೆಯಷ್ಟೇ. ರೋಹಿಣಿಯ ಓ, ವಾ, ವೀ, ವು ಸಿಕ್ಕರೆ ವಾಣಿ, ವೀಣಾ ಸಲೀಸು. ಹಸ್ತದ ಮೂರನೇ ಪಾದಕ್ಕೆ ಬರುವುದು ‘ಣ’! ಅದರಿಂದ ಶುರುವಾಗುವ ಹೆಸರನ್ನು ಎಲ್ಲಿಂದ ತರುವುದು? ಪರದಾಡಬೇಡಿ. ನಕ್ಷತ್ರದ ಹೆಸರನ್ನು ನಾಮಕರಣದ ದಿನ ಕಿವಿಯಲ್ಲಿ ಹೇಳಿ, ಕರೆಯಲು ಬೇರೊಂದು ಇಡುವ ರೂಢಿ ಎಷ್ಟೋ ಮನೆಗಳಲ್ಲಿದೆ.

ಎರಡು ಮೂರು ಹೆಸರು ಉಳಿದ ಮೇಲೆ ಅಡುಗೆಮನೆಯಿಂದ ಅಂಗಳಕ್ಕೆ ಕೇಳುವಂತೆ ಕೂಗಿ ನೋಡಿ. ಅಜ್ಜಿಯ ಬಾಯಲ್ಲೂ ಹೇಳಿಸಿ. ಅವರಿಗೆ ತೊಡರಿದರೆ ಹೆಸರು ವಾರದೊಳಗೆ ಮೊಟಕಾಗುತ್ತದೆ.

ನಿಜವಾದ ತೊಂದರೆ ಇಂಗ್ಲಿಷ್ ಕಾಗುಣಿತದ್ದು. ‘ಕೃತಿ’ಯ ಋಕಾರಕ್ಕೆ ನಮ್ಮವರು ‘ಆರ್ ಯು’ ಬರೆದರೆ ಉತ್ತರದವರು ‘ಆರ್ ಐ’. ನಮ್ಮ ‘ತ’ಕ್ಕೆ ‘ಟಿ ಎಚ್’, ಅವರದಕ್ಕೆ ಬರೀ ‘ಟಿ’. ಯಾವುದಾದರೂ ಸರಿಯೇ, ಆದರೆ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಅಕ್ಷರ ಅಕ್ಷರವೂ ಒಂದೇ ಇರಲಿ. ಇನಿಷಿಯಲ್ ಬಿಡಿಸಿಯೇ ಬರೆಸಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ.

ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಹೆಸರಿಲ್ಲದೆಯೂ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ.