ಕೋಲಾರ ಸೀಮೆಯ ಹಳೆ ಕಾಲದ ಕಾದಂಬರಿಯಲ್ಲಿ ಇಬ್ಬರು ಗೆಳತಿಯರನ್ನು ಬರೆಯೋದು ಹೇಗೆ

ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ. ‘ಅಜ್ಜಿ ಕಾಲದಲ್ಲಿ’ ಅಂತ ಬರೆದರೆ ಸಾಲದು. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯ ಮದುವೆಗೆ ಕಾನೂನಿನ ತಡೆ ಬಂದಿತ್ತು. 1933ರಲ್ಲಿ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ಬಂತು. ಅಣ್ಣತಮ್ಮಂದಿರು ಆಸ್ತಿ ಭಾಗ ಮಾಡಿಕೊಳ್ಳುವಾಗ, ಸತ್ತುಹೋದ ಸೋದರನಿಗೆ ಗಂಡುಮಕ್ಕಳಿಲ್ಲದಿದ್ದರೆ ಅವನ ಹೆಂಡತಿಗೂ ಪಾಲು ಕೊಡಬೇಕು ಅಂತ ಅದು ಹೇಳಿತು. ನಿಮ್ಮ ಕಥೆ 1930ರಲ್ಲಿದೆಯೋ 1935ರಲ್ಲಿದೆಯೋ ಅನ್ನೋದರ ಮೇಲೆ ಆ ಹೆಂಗಸು ಏನು ಕೇಳಬಹುದು ಅನ್ನೋದೇ ಬದಲಾಗುತ್ತೆ.

ಒಂದು ಉದಾಹರಣೆ ಇಟ್ಟುಕೊಂಡೇ ಹೇಳ್ತೀನಿ. ಇಸವಿ 1935, ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಹಾಗಾಗಿ ನಿಮ್ಮ ಪಾತ್ರಗಳಿಗೆ ಅದೆಲ್ಲ ಕೋಲಾರ ಜಿಲ್ಲೆಯೇ. ಒಟ್ಟು ಕುಟುಂಬ, ಮೂವರು ಅಣ್ಣತಮ್ಮಂದಿರು. ಹಿರಿಯವನು ತೀರಿಕೊಂಡಿದ್ದಾನೆ. ಅವನ ಹೆಂಡತಿ ವೆಂಕಟಮ್ಮನಿಗೆ ಮಕ್ಕಳಿಲ್ಲ. ಕಿರಿಯವನ ಹೆಂಡತಿ ಗಂಗಮ್ಮ. ಓರಗಿತ್ತಿಯರಿಬ್ಬರೂ ಜೀವಕ್ಕೆ ಜೀವ.

ಈಗ ಮನೆ ಭಾಗವಾಗೋ ಮಾತು ಬರಲಿ. ವೆಂಕಟಮ್ಮ ಪಾಲು ಕೇಳಿದರೆ ಗಂಗಮ್ಮನ ಗಂಡನ ಜಮೀನು ಕಮ್ಮಿಯಾಗುತ್ತೆ, ಅಂದರೆ ಗಂಗಮ್ಮನ ಮಕ್ಕಳ ಅನ್ನ. ಕೇಳದಿದ್ದರೆ ವೆಂಕಟಮ್ಮ ಕೊನೆತನಕ ಯಾರದೋ ಹಜಾರದ ಮೂಲೆಯಲ್ಲಿ ಇರಬೇಕು. ಇಂಥ ಗಂಟು ಹಾಕದೆ ಗೆಳೆತನದ ಬಗ್ಗೆ ಮುನ್ನೂರು ಪುಟ ಬರೆಯೋಕೆ ಹೋಗಬೇಡಿ. ತುಂಬಾ ಕಾದಂಬರಿಗಳಲ್ಲಿ ಗೆಳತಿ ಅಂದರೆ ನಾಯಕಿಯ ಗೋಳು ಕೇಳಿಸಿಕೊಳ್ಳೋ ಕಿವಿ ಅಷ್ಟೇ, ಅವಳಿಗೆ ತನ್ನದೇ ಮನೆಯಿಲ್ಲ, ಸಾಲವಿಲ್ಲ, ಭಯವಿಲ್ಲ. ಅದು ನನಗೆ ನಿಜವಾಗಿಯೂ ಬೇಸರ ತರಿಸುತ್ತೆ. ಗೆಳೆತನಕ್ಕೆ ಇಬ್ಬರೂ ಏನಾದರೂ ಕಳಕೊಳ್ಳಬೇಕು.

ಕಾಯ್ದೆ ಬಂದ ಮಾರನೇ ದಿನ ಹಳ್ಳಿಗೆ ಗೊತ್ತಾಗಲ್ಲ ಅನ್ನೋದೂ ನೆನಪಿರಲಿ. ಆ ಸುದ್ದಿ ಯಾರ ಬಾಯಿಂದ ಬಂತು? ಶಾನುಭೋಗರು ಹೇಳಿದರಾ, ಕೋರ್ಟಿಗೆ ಹೋಗಿಬಂದ ಯಾರಾದರೂ ಹೇಳಿದರಾ? ಅದು ಮೊದಲು ಗಂಗಮ್ಮನ ಕಿವಿಗೆ ಬಿದ್ದರೆ ಇನ್ನೂ ಒಳ್ಳೇದು. ಅವಳು ಅದನ್ನು ವೆಂಕಟಮ್ಮನಿಗೆ ಹೇಳ್ತಾಳಾ, ಎಷ್ಟು ದಿನ ಬಚ್ಚಿಟ್ಟುಕೊಳ್ತಾಳೆ? ಅರ್ಧ ಕಾದಂಬರಿ ಅಲ್ಲೇ ಇದೆ.

ಇನ್ನು ಸಮಾಜದ ಕಟ್ಟುಪಾಡು. ಅದನ್ನೆಲ್ಲ ಅತ್ತೆ ತಲೆಗೆ ಕಟ್ಟಬೇಡಿ. ಗೆಳತಿಯರೂ ಅದನ್ನು ನಂಬಿದ್ದರು ಅಲ್ವಾ? ಗಂಗಮ್ಮನ ಮಗಳನ್ನು ನೋಡೋಕೆ ಗಂಡಿನ ಕಡೆಯವರು ಬರೋ ದಿನ ಬೆಳಿಗ್ಗೆ, ಅವಳು ವೆಂಕಟಮ್ಮನ ಮುಖ ಎದುರಾಗದ ಹಾಗೆ ಹಿತ್ತಿಲ ಬಾಗಿಲಿಂದ ಹೋಗಲಿ. ಪ್ರೀತಿ ಇದ್ದೂ ಹೋಗಲಿ. ವೆಂಕಟಮ್ಮನಿಗೆ ಅದು ಗೊತ್ತಾಗಲಿ, ಅವಳೂ ಅದೇ ಸರಿ ಅಂದುಕೊಳ್ಳಲಿ, ಬೇಕಂತಲೇ ಕೊಟ್ಟಿಗೆಯಲ್ಲಿ ಹೊತ್ತು ಕಳೆಯಲಿ. ಬಳೆಗಾರ ಜಗಲಿ ಮೇಲೆ ಮಲಾರ ಬಿಚ್ಚಿದಾಗ ಗಂಗಮ್ಮ ಕೈ ಚಾಚಲಿ, ವೆಂಕಟಮ್ಮ ಒಳಗೆ ರಾಗಿ ಕೇರುತ್ತಾ ಇರಲಿ. ಯಾರೂ ಭಾಷಣ ಮಾಡೋದು ಬೇಡ. ಇಂದಿನ ನಮ್ಮ ಮಾತನ್ನು 1935ರ ಹೆಂಗಸಿನ ಬಾಯಲ್ಲಿ ಹಾಕಿದ ಕೂಡಲೇ ಓದುವವರಿಗೆ ಗೊತ್ತಾಗಿಬಿಡುತ್ತೆ.

ಜಾತಿ ಯಾವುದು ಅಂತಲೂ ನೀವು ತಿಳಿದಿರಬೇಕು. ವಿಧವೆ ಅಂದ ತಕ್ಷಣ ತಲೆ ಬೋಳಿಸಿ ಕೆಂಪು ಸೀರೆ ಉಡಿಸಬೇಡಿ. ಅದು ಹೆಚ್ಚಾಗಿ ಬ್ರಾಹ್ಮಣ ಮನೆಗಳ ಕಟ್ಟಳೆ. ಎಷ್ಟೋ ಜಾತಿಗಳಲ್ಲಿ ಕೂಡಿಕೆ, ಅಂದರೆ ವಿಧವೆ ಮತ್ತೆ ಗಂಡನ್ನು ಮಾಡಿಕೊಳ್ಳೋ ಪದ್ಧತಿ ಇತ್ತು. ಬೇರೆ ಜಾತಿಯ ಇಬ್ಬರು ಗೆಳತಿಯರನ್ನು ತರುವುದಾದರೆ, ಯಾವ ಬಾವಿಯ ನೀರು, ಎಲ್ಲಿಯವರೆಗೆ ಒಳಗೆ ಬರಬಹುದು, ಊಟ ಯಾವುದರಲ್ಲಿ ಬಡಿಸ್ತಾರೆ, ಇದನ್ನೆಲ್ಲ ಪ್ರತಿ ದೃಶ್ಯದಲ್ಲೂ ಲೆಕ್ಕ ಇಟ್ಟುಕೊಳ್ಳಿ.

ಅವರು ಮಾತಾಡೋದು ಯಾವಾಗ? ಸುಮ್ನೆ ಕೂತು ಮಾತಾಡೋಕೆ ಪುರುಸೊತ್ತು ಎಲ್ಲಿತ್ತು? ಕೆಲಸದ ನಡುವೆಯೇ ಮಾತು. ಬೀಸುವ ಕಲ್ಲಿನ ಮುಂದೆ ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿಯುತ್ತಾರೆ, ಮುಖಕ್ಕೆ ಮುಖ, ಕಲ್ಲಿನ ಸದ್ದಿಗೆ ಪಕ್ಕದ ಕೋಣೆಗೆ ಮಾತು ಕೇಳಿಸಲ್ಲ. ಅದಕ್ಕಿಂತ ಒಳ್ಳೆಯದು ಬೇಕಾದರೆ ಹುಳದ ಮನೆ ಇದೆ. ರೇಷ್ಮೆ ಹುಳಕ್ಕೆ ನಾಲ್ಕು ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚೋ ಹೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಅವು ಹಗಲು ರಾತ್ರಿ ಸೊಪ್ಪು ತಿನ್ನುತ್ತವೆ, ಹಣ್ಣಾದ ಮೇಲೆ ಆರಿಸಿ, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಆ ನಾಲ್ಕಾರು ರಾತ್ರಿ ಮನೆಯ ಗಂಡಸರು ಮಲಗಿದ ಮೇಲೂ ಹೆಂಗಸರು ಎದ್ದಿರಲಿ. ಬುಡ್ಡಿ ದೀಪ, ಸೊಪ್ಪು ಕಡಿಯೋ ಸದ್ದು, ಮಳೆ ಹನಿದ ಹಾಗೆ ಹುಳ ತಿನ್ನೋ ಸದ್ದು. ಪಾಲಿನ ವಿಷಯ ಬಾಯಿಗೆ ಬರಬೇಕಾದ್ದು ಇಂಥ ಕಡೆ. ಕೈ ನಿಲ್ಲಿಸಬಾರದು, ಒಬ್ಬರ ಮುಖ ಒಬ್ಬರು ನೋಡದೆಯೂ ಮಾತಾಡಬಹುದು.

ಮಾತಿನ ರೀತಿಗೆ ಬಂದರೆ, ಈ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಎರಡೂ. ಅಲ್ಲಲ್ಲಿ ಒಂದೊಂದು ತೆಲುಗು ಮಾತು ಸಾಕು, ಅತಿಯಾದರೆ ಓದೋದು ಕಷ್ಟ. ಗಂಗಮ್ಮ ‘ಅಕ್ಕಾ’ ಅಂತಾಳೆ, ವೆಂಕಟಮ್ಮ ‘ಏನೇ ಗಂಗೀ’ ಅಂತಾಳೆ. ಜಗಳ ಆದ ದಿನ ಅದೇ ವೆಂಕಟಮ್ಮ ‘ಏನಮ್ಮಾ, ಹೇಳಮ್ಮಾ’ ಅಂದರೆ ಸಾಕು, ಕೋಪ ಎಷ್ಟಿದೆ ಅಂತ ನೀವು ಬಿಡಿಸಿ ಹೇಳಬೇಕಿಲ್ಲ. ಗಂಡನ ಹೆಸರು ಬಾಯಲ್ಲಿ ಬರಬಾರದು, ‘ನಮ್ಮನೆಯವರು’ ಅಂತಲೇ ಇರಲಿ. ದುಡ್ಡು ಆಣೆ ಲೆಕ್ಕ, ರೂಪಾಯಿಗೆ 16 ಆಣೆ.

ದೊಡ್ಡ ಘಟನೆ ತರಬೇಕು ಅನ್ನಿಸಿದರೆ ಅವರ ಕಾರಣದಿಂದಲೇ ತನ್ನಿ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಸತ್ತಿದ್ದು 1938ರ ಏಪ್ರಿಲ್ 25ರಂದು. ಆ ಊರಿನ ಅಶ್ವತ್ಥ ಮರದ ಕೆಳಗೆ ಮಕ್ಕಳಾಗಲಿ ಅಂತ ಹರಕೆ ಹೊತ್ತವರು ನಾಗರಕಲ್ಲು ಇಡಿಸುತ್ತಿದ್ದರು. ಮಕ್ಕಳಿಲ್ಲದ ವೆಂಕಟಮ್ಮನೂ ಗಂಡ ಇದ್ದಾಗ ಒಂದು ಕಲ್ಲು ಇಡಿಸಿದ್ದಾಳೆ ಅಂದುಕೊಳ್ಳಿ. ಗುಂಡು ಹಾರಿದ ಸುದ್ದಿ ಅವಳಿಗೆ ಬೇರೆ ಥರ ತಟ್ಟುತ್ತೆ.

ವಿಷಯ ಹುಡುಕೋಕೆ ವಯಸ್ಸಾದ ಹೆಂಗಸರ ಹತ್ತಿರ ಹೋದಾಗ ‘ಆಗ ಹೇಗಿತ್ತು ಅಜ್ಜೀ’ ಅಂತ ಕೇಳಬೇಡಿ. ಯಾರ ಜೊತೆ ಬಟ್ಟೆ ಒಗೆಯೋಕೆ ಹೋಗ್ತಿದ್ರಿ, ಯಾರ ಮನೆಯಲ್ಲಿ ಗುಟ್ಟಾಗಿ ದುಡ್ಡು ಇಡ್ತಿದ್ರಿ ಅಂತ ಕೇಳಿ. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆ ಪಾಲುಪಟ್ಟಿ ಇದ್ದರೆ ಪೂರ್ತಿ ಓದಿ. ಹೊಲ, ಬಾವಿ, ಎತ್ತು, ಹಂಡೆ, ಕೊಳಗ ಯಾರಿಗೆ ಹೋಯ್ತು ಅಂತ ಬರೆದಿರುತ್ತಾರೆ. ಅದರಲ್ಲಿ ಹೆಂಗಸರ ಹೆಸರು ಇದೆಯಾ, ಇದ್ದರೆ ಯಾವ ಸಾಲಿನಲ್ಲಿ, ಹೆಬ್ಬೆಟ್ಟು ಯಾರದ್ದು ಅಂತ ನೋಡಿ, ಅಲ್ಲಿಂದ ಶುರು ಮಾಡಿ.